ಫುಟ್‌ಬೋರ್ಡಿನ ಮೇಲೊಂದು ತೇಪೆ ಸಾಲದೇ?

ಪ್ರಶ್ನೆ: ತಾತನ 1930ರ ಫೋರ್ಡ್ ಮಾಡೆಲ್ ಎ ಕಾರಿನ ಫುಟ್‌ಬೋರ್ಡಿನ ರಬ್ಬರು ಬಿರುಕು ಬಿಟ್ಟಿದೆ. ಅದರ ಮೇಲೆಯೇ ಹೊಸದನ್ನು ಅಂಟಿಸಬಹುದೇ?
– ಓದುಗರು, ಮೈಸೂರು

ಉತ್ತರ: ಬೇಡ. ರಬ್ಬರಿನಡಿ ಸೇರಿದ ನೀರು ಹೊರಹೋಗದೆ ತಗಡನ್ನು ತಿನ್ನುತ್ತಿರುತ್ತದೆ. ನಾನೂ ಒಮ್ಮೆ ಸೋಮಾರಿತನದಿಂದ ಹಾಗೆಯೇ ಅಂಟಿಸಿದ್ದೆ. ಎರಡನೇ ಮಳೆಗಾಲಕ್ಕೆ ನನ್ನ ಹಿಮ್ಮಡಿ ತಗಡಿನೊಳಗೆ ಇಳಿಯಿತು.

ಬೋಲ್ಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು, ಬೋರ್ಡನ್ನು ಪೂರ್ತಿ ಕಳಚಿ. ಅಂಚಿನ ಲೋಹದ ಪಟ್ಟಿ ಬಾಗದಂತೆ ಜೋಪಾನ. ರಬ್ಬರು ಕಿತ್ತ ಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ತಗಡನ್ನು ತಟ್ಟುತ್ತಾ ಹೋಗಿ. ಗಟ್ಟಿ ಜಾಗ ‘ಟಣ್’ ಎನ್ನುತ್ತದೆ, ಕೊಳೆತದ್ದು ‘ದಪ್’ ಎನ್ನುತ್ತದೆ. ‘ದಪ್’ ಎಂದಲ್ಲೆಲ್ಲ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿ. ಟಿಂಕರಿಂಗ್‌ನವರು ಪುಟ್ಟಿ ಮೆತ್ತಿ ಮುಗಿಸೋಣ ಎಂದರೆ ಒಪ್ಪಬೇಡಿ. ಕಾಲಿಡುವ ಜಾಗದಲ್ಲಿ ಪುಟ್ಟಿ ನಿಲ್ಲುವುದಿಲ್ಲ. ತಳಭಾಗಕ್ಕೂ ಪ್ರೈಮರ್, ಬಣ್ಣ ಹೊಡೆಸಿ.

ಹೊಸ ರಬ್ಬರನ್ನು ಗಂಟೆ ಹೊತ್ತು ಬಿಸಿಲಲ್ಲಿ ಹರಡಿದರೆ ಸುರುಳಿ ಬಿಡುತ್ತದೆ. ರಬ್ಬರಿನ ಅಡಿಮೈಗೂ ತಗಡಿಗೂ ಅಂಟು ಸವರಿ, ಕೈಗಂಟದಷ್ಟು ಒಣಗಿದ ಮೇಲೆ ನಡುವಿನಿಂದ ಅಂಚಿಗೆ ಒತ್ತುತ್ತಾ ಬನ್ನಿ. ಇದಕ್ಕೆ ಲಟ್ಟಣಿಗೆಯಂಥ ಸಾಧನ ಬೇರೊಂದಿಲ್ಲ. ಮನೆಯವರನ್ನು ಕೇಳಿಯೇ ತೆಗೆದುಕೊಳ್ಳಿ.