ಗಣಿಬಾಯಿಯ ದರ, ಗಲ್ಲಿಯ ದರ

ಮಾನ್ಯ ಓದುಗರೆ,

ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ಜಾರಿಗೆ ತಂದ ಕಲ್ಲಿದ್ದಲು ಬೆಲೆ ನಿಯಂತ್ರಣವನ್ನು ಕುರಿತ ನಮ್ಮ ಲೇಖನಕ್ಕೆ ನೀವು ಬರೆದ ಖಾರವಾದ ಪತ್ರ ತಲುಪಿದೆ. ಸರ್ಕಾರ ಬೆಲೆಗೆ ಕೈಹಾಕಿದ್ದರಿಂದಲೇ ಸರಕು ಮಾಯವಾಯಿತು, ಮಾರುಕಟ್ಟೆಗೆ ಬಿಟ್ಟಿದ್ದರೆ ತಾನಾಗಿ ಸರಿಹೋಗುತ್ತಿತ್ತು ಎಂಬುದು ನಿಮ್ಮ ವಾದ. ಇದನ್ನು ನಾನು ಒಪ್ಪಲಾರೆ.

ಅಭಾವ ಮೊದಲು ಬಂತು, ಕಾನೂನು ಆಮೇಲೆ. 1914–15ರ ಚಳಿಗಾಲದಲ್ಲೇ ಲಂಡನ್ನಿನ ಮನೆಗಳಿಗೆ ಬೆಲೆಯೇರಿಕೆಯ ಬಿಸಿ ತಟ್ಟಿತ್ತು. ಈಶಾನ್ಯ ಇಂಗ್ಲೆಂಡಿನ ಗಣಿಗಳಿಂದ ಸಮುದ್ರದ ಮೇಲೆ ಕಲ್ಲಿದ್ದಲು ತರುತ್ತಿದ್ದ ಹಡಗುಗಳಲ್ಲಿ ಅನೇಕವನ್ನು ನೌಕಾಪಡೆ ತೆಗೆದುಕೊಂಡಿತು; ಉಳಿದವುಗಳ ಬಾಡಿಗೆ ಗಗನಕ್ಕೇರಿತು. ಯುದ್ಧ ಶುರುವಾದ ಒಂದು ವರ್ಷದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಗಣಿ ಕಾರ್ಮಿಕರು ಸೈನ್ಯ ಸೇರಿದರು. 1913ರಲ್ಲಿ 28.7 ಕೋಟಿ ಟನ್ ಇದ್ದ ಉತ್ಪಾದನೆ 1918ರಲ್ಲಿ ಸುಮಾರು 22.8 ಕೋಟಿಗೆ ಇಳಿಯಿತು. ಎಷ್ಟೇ ದುಡ್ಡು ಸುರಿದರೂ ಸೈನ್ಯಕ್ಕೆ ಹೋದವನು ಗಣಿಗೆ ಮರಳುವಂತಿರಲಿಲ್ಲ.

1915ರ ಕಾನೂನಿನ ನಿಜವಾದ ಕೊರತೆ ಬೇರೆಡೆ ಇದೆ. ಯುದ್ಧಪೂರ್ವದ ದರಕ್ಕಿಂತ ಟನ್ನಿಗೆ 4 ಶಿಲಿಂಗ್‌ಗಿಂತ ಹೆಚ್ಚು ಕೇಳಬಾರದೆಂದು ಅದು ವಿಧಿಸಿತು. ಆದರೆ ಆ ಮಿತಿ ಅನ್ವಯಿಸಿದ್ದು ಗಣಿಬಾಯಿಯಲ್ಲಿ, ಎಂದರೆ ಗಣಿಯಿಂದ ಹೊರಬಂದ ಕಲ್ಲಿದ್ದಲನ್ನು ಅಲ್ಲೇ ಮಾರುವ ದರಕ್ಕೆ. ರಫ್ತಿಗೆ ಅದು ಸಂಬಂಧಿಸಿರಲಿಲ್ಲ. ಮನೆಬಾಗಿಲಿನ ದರಕ್ಕೆ ಲಂಡನ್ನಿನ ವ್ಯಾಪಾರಿಗಳ ಜೊತೆ ಮಾಡಿಕೊಂಡ ಒಪ್ಪಂದವಷ್ಟೇ ಆಧಾರ. ಚಿಲ್ಲರೆ ಬೆಲೆ ಗೊತ್ತುಮಾಡುವ ಅಧಿಕಾರ ಸ್ಥಳೀಯ ಸಂಸ್ಥೆಗಳಿಗೆ ಸಿಕ್ಕಿದ್ದು 1917ರಲ್ಲಿ.

ಇದರ ಪೆಟ್ಟು ಯಾರಿಗೆ ಬಿತ್ತು ಎಂಬುದನ್ನು ನಿಮ್ಮ ಪತ್ರ ಮುಟ್ಟಿಯೇ ಇಲ್ಲ. ನೆಲಮಾಳಿಗೆ ಇದ್ದವರು ಬೇಸಿಗೆಯಲ್ಲೇ ಟನ್ನುಗಟ್ಟಲೆ ತರಿಸಿ ತುಂಬಿಟ್ಟುಕೊಳ್ಳಬಲ್ಲವರಾಗಿದ್ದರು. ಒಂದು ಕೋಣೆಯಲ್ಲಿ ಸಂಸಾರ ನಡೆಸುತ್ತಿದ್ದ ಹೆಂಗಸಿಗೆ ಇಡಲು ಜಾಗವೂ ಇಲ್ಲ, ಒಟ್ಟಿಗೆ ಕೊಡಲು ಹಣವೂ ಇಲ್ಲ. ಗಲ್ಲಿಗೆ ಬಂದ ಕೈಗಾಡಿಯವನ ತಕ್ಕಡಿಯಲ್ಲಿ 14 ಪೌಂಡ್, ಎಂದರೆ ಆರೂಕಾಲು ಕಿಲೋದಷ್ಟು, ತೂಗಿಸಿಕೊಂಡು ಅವಳು ಬುಟ್ಟಿಗೆ ಸುರಿಸಿಕೊಳ್ಳಬೇಕು. ಹೀಗೆ ಕೊಂಡ ಪ್ರತಿ ಟನ್ನಿನ ಲೆಕ್ಕ ಹಾಕಿದರೆ ಶ್ರೀಮಂತನಿಗಿಂತ ಅವಳೇ ಹೆಚ್ಚು ತೆತ್ತಂತಾಗುತ್ತಿತ್ತು. ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟಿದ್ದರೆ ಆ ಬುಟ್ಟಿಯೂ ತುಂಬುತ್ತಿರಲಿಲ್ಲ. ಹಾಗಾಗಿ ಬೆಲೆ ಕಟ್ಟುವುದರ ಜೊತೆಗೆ ಹಂಚಿಕೆಯನ್ನೂ ಕೈಗೆತ್ತಿಕೊಳ್ಳಬೇಕಿತ್ತು. ಸರ್ಕಾರ ಅದನ್ನು ತಡಮಾಡಿತು ಎಂಬುದು ನನ್ನ ದೂರು.

1917ರಲ್ಲಿ ಗಣಿಗಳು ಸರ್ಕಾರ ನೇಮಿಸಿದ ಕಲ್ಲಿದ್ದಲು ನಿಯಂತ್ರಕ ಗೈ ಕ್ಯಾಲ್ತ್ರಾಪ್ ಅವರ ಅಧೀನಕ್ಕೆ ಬಂದವು. ಅದೇ ವರ್ಷ ಲಂಡನ್ನಿನಲ್ಲಿ ಪಡಿತರ ಆರಂಭವಾಯಿತು. 1918ರ ಆದೇಶ ಅನಿಲ, ವಿದ್ಯುತ್ತನ್ನೂ ಅದೇ ಪಾಲಿನೊಳಗೆ ಸೇರಿಸಿತು. ಅಳತೆಗೋಲು ಮನೆಯ ಕೋಣೆಗಳ ಸಂಖ್ಯೆ! ಹೆಚ್ಚು ಕೋಣೆ ಇದ್ದವರಿಗೆ ಹೆಚ್ಚು ಪಾಲು. ಇದು ಅನ್ಯಾಯವೆಂದು ನೀವು ಬರೆದಿದ್ದೀರಿ. ಆ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಆದರೂ ದೊಡ್ಡ ಮನೆಗೂ ಒಂದು ಮಿತಿ ಬಿತ್ತೆಂಬುದನ್ನು ಮರೆಯಬಾರದು.

‘ನಿಯಂತ್ರಣ ತೆಗೆದ ಮೇಲೆ ಎಲ್ಲ ಸುಸೂತ್ರವಾಯಿತಲ್ಲವೇ?’ ಎಂದು ಕೊನೆಯಲ್ಲಿ ಕೇಳಿದ್ದೀರಿ. ಇಲ್ಲ. 1921ರ ಮಾರ್ಚ್ 31ಕ್ಕೆ ಸರ್ಕಾರ ಗಣಿಗಳನ್ನು ಮಾಲೀಕರಿಗೆ ಮರಳಿಸಿತು. ಅಷ್ಟರಲ್ಲಿ ರಫ್ತಿನ ಬೆಲೆ ಕುಸಿದಿತ್ತು. ಕೂಲಿ ಕಡಿತಕ್ಕೆ ಒಪ್ಪದ ಕಾರ್ಮಿಕರನ್ನು ಮಾಲೀಕರು ಹೊರಗಿಟ್ಟು ಗಣಿಗಳಿಗೆ ಬೀಗ ಹಾಕಿದರು. ಸುಮಾರು ಮೂರು ತಿಂಗಳ ನಂತರ ಆ ಕಾರ್ಮಿಕರು ಸೋತು, ಕಡಿಮೆ ಕೂಲಿಗೆ ಕೆಲಸಕ್ಕೆ ಮರಳಿದರು.

– ಸಂಪಾದಕ