ಪ್ರತಿಕ್ರಿಯೆ: ಹೆಲ್ಮ್, ಹೆಲ್ಮೆಟ್ ಎರಡೂ ಒಂದೇ ಬೇರಿನವಾ?

ದೋಣಿಯ ಚುಕ್ಕಾಣಿ ಹಿಡಿಗೆ ಇಂಗ್ಲಿಷ್‌ನಲ್ಲಿ ಹೆಲ್ಮ್ ಅಂತಾರಲ್ಲ, ಅದು ಹೆಲ್ಮೆಟ್‌ನಿಂದ ಬಂತಾ ಅಂತ ಕೇಳಿದ್ರಿ. ಇಲ್ಲ, ಸಂಬಂಧ ಇಲ್ಲ ಅನ್ನೋದೇ ಸಾಮಾನ್ಯ ಅಭಿಪ್ರಾಯ.

ಹಳೇ ಇಂಗ್ಲಿಷ್‌ನಲ್ಲಿ ಇವೆರಡೂ ಬೇರೆನೇ ಇದ್ವು, ತಲೆಗೆ ಹಾಕೋದು ಹೆಲ್ಮ್, ಚುಕ್ಕಾಣಿ ಹಿಡಿ ಹೆಲ್ಮ, ಆಮೇಲೆ ಕೊನೇ ಸ್ವರ ಬಿದ್ದೋಗಿ ಎರಡೂ ಒಂದೇ ಥರ ಕೇಳ್ಸೋಕೆ ಶುರುವಾಯ್ತು, ಅಷ್ಟೇ. ಹಿಂದಕ್ಕೆ ಹೋದ್ರೆ ಇಂಗ್ಲಿಷ್, ಡಚ್, ಜರ್ಮನ್‌ಗಳಿಗೆಲ್ಲ ತಾಯಿಯಾದ ಮೂಲ ಜರ್ಮಾನಿಕ್ ಭಾಷೆಲಿ ಹಿಡಿಗೆ ಹೆಲ್ಮೋ ಅನ್ನೋ ಥರದ ರೂಪ ಇತ್ತು ಅಂತ ಊಹಿಸ್ತಾರೆ (ಬರಹದಲ್ಲಿ ಎಲ್ಲೂ ಸಿಕ್ಕಿಲ್ಲ, ಮಗಳು ಭಾಷೆಗಳನ್ನ ಹೋಲಿಸಿ ಕಟ್ಟಿದ್ದು). ಡಚ್‌ನಲ್ಲಿ ಈಗ್ಲೂ ಚುಕ್ಕಾಣಿ ಹಿಡಿಗೆ ಹೆಲ್ಮ್‌ಸ್ಟಾಕ್ ಅಂತಾರೆ, ಹಳೇ ನಾರ್ಸ್‌ನಲ್ಲೂ (ಸ್ಕ್ಯಾಂಡಿನೇವಿಯಾದ ಹಳೇ ಭಾಷೆ) ಹ್ಯಾಲ್ಮ್ ಸೇರಿರೋ ಪದ ಇದೆ. ನಂಗೆ ಇಂಟರೆಸ್ಟಿಂಗ್ ಅನ್ಸೋದು ಜರ್ಮನ್, ಅಲ್ಲಿ ಇನ್ನೊಂದು ಹೆಲ್ಮ್ ಇದೆ, ಅದರ ಅರ್ಥ ಕೊಡಲಿ ಕಾವು! ಅಂದ್ರೆ ಮೊದ್ಲು ಯಾವ್ದೋ ಮರದ ಹಿಡಿ, ಆಮೇಲೆ ದೋಣಿಗೆ ಬಂದಿರ್ಬೇಕು. ಇಂಗ್ಲಿಷ್‌ನ ಹೆಲ್ವ್ (ಕೊಡಲಿಯಂಥ ಉಪಕರಣದ ಹಿಡಿ) ಕೂಡ ಇದೇ ಬಳಗ ಅಂತಾರೆ, ಇವುಗಳ ಬೇರು 'ಸೀಳು, ಕಡಿ' ಅನ್ನೋ ಅರ್ಥದ ಇಂಡೋ-ಯುರೋಪಿಯನ್ (ಯುರೋಪು, ಉತ್ತರ ಭಾರತದ ಬಹುತೇಕ ಭಾಷೆಗಳ ಮೂಲ ಭಾಷೆ) ಧಾತು ಅಂತ ಹಲವರ ವಾದ. ಹೆಲ್ಮೆಟ್‌ದು 'ಮುಚ್ಚು' ಅನ್ನೋ ಬೇರೆ ಧಾತು, ಅದೂ ಫ್ರೆಂಚ್ ಸುತ್ತಿಕೊಂಡು ಇಂಗ್ಲಿಷ್‌ಗೆ ಬಂದಿದ್ದು.