ವಾಲ್ವ್ ಮೈಕ್: ಮೊದಲು ಬದಲಿಸಬೇಕಾದದ್ದು ವಾಲ್ವೇ?

ಪ್ರಶ್ನೆ: ತಾಳಮದ್ದಳೆಯನ್ನು ಮನೆಯಲ್ಲೇ ಧ್ವನಿಮುದ್ರಿಸಲು ಕಡಿಮೆ ಬೆಲೆಯ ಚೀನೀ ವಾಲ್ವ್ (ನಿರ್ವಾತ ನಳಿಕೆ) ಮೈಕ್ ಕೊಂಡಿದ್ದೇನೆ. ಭಾಗವತರ ಹಾಡಿನಲ್ಲಿ ‘ಸ’, ‘ಶ’ ಅಕ್ಷರಗಳು ಕಿವಿಗೆ ಚುಚ್ಚುತ್ತವೆ, ಚಕ್ರತಾಳವನ್ನಂತೂ ಕೇಳಲಾಗದು. ಮಳೆಗಾಲದಲ್ಲಿ ಚಟಪಟ ಸದ್ದೂ ಬರುತ್ತದೆ. ಅದರಲ್ಲಿರುವ 12ಎಎಕ್ಸ್7 ಎಂಬ ವಾಲ್ವ್ ತೆಗೆದು ಹಳೆಯ ಕಾಲದ ದುಬಾರಿ ವಾಲ್ವ್ ಹಾಕಿದರೆ ಸರಿಯಾದೀತೆ?
– ಓದುಗರೊಬ್ಬರು, ಮಂಗಳೂರು

ಉತ್ತರ: ವಾಲ್ವಿಗೆ ಹಣ ಸುರಿಯುವ ಮೊದಲು ಕ್ಯಾಪ್ಸೂಲನ್ನು, ಅಂದರೆ ದನಿಯನ್ನು ವಿದ್ಯುತ್ ಸಂಕೇತವಾಗಿಸುವ ಭಾಗವನ್ನು, ಗಮನಿಸಿ. ಇಂಥ ಅಗ್ಗದ ಮೈಕ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ನಾಯ್ಮನ್ ಕಂಪೆನಿಯ ಕೆ67 ಕ್ಯಾಪ್ಸೂಲಿನ ನಕಲು. ಮೂಲ ಕೆ67 ಟ್ರೆಬಲನ್ನು (ದನಿಯ ಎತ್ತರದ ಆವರ್ತನಗಳನ್ನು) ಎತ್ತಿ ಕೊಡುತ್ತದೆ. 1960ರಲ್ಲಿ ಬಂದ ಯು67 ಮೈಕಿನ ಸರ್ಕ್ಯೂಟು ಆ ಏರಿಕೆಯನ್ನು ಋಣಾತ್ಮಕ ಫೀಡ್‌ಬ್ಯಾಕಿನಿಂದ (ಹೊರಬಂದ ಸಂಕೇತದ ಒಂದಂಶವನ್ನು ವಿರುದ್ಧವಾಗಿ ಮರಳಿ ಒಳಕ್ಕೆ ಕೊಟ್ಟು) ತಗ್ಗಿಸಿ ದನಿಯನ್ನು ಸಮಗೊಳಿಸುತ್ತಿತ್ತು. ನಕಲು ಮಾಡಿದವರು ಅನೇಕ ಕಡೆ ಕ್ಯಾಪ್ಸೂಲನ್ನು ಮಾತ್ರ ತೆಗೆದುಕೊಂಡು, ಅದನ್ನು ತಗ್ಗಿಸುವ ಭಾಗವನ್ನು ಕೈಬಿಟ್ಟರು. ಸಹಜವಾಗಿಯೇ ತೀಕ್ಷ್ಣವಾದ ಚಕ್ರತಾಳವನ್ನು ಅಂಥ ಮೈಕ್ ಇನ್ನಷ್ಟು ಮಸೆದು ಕೊಡುವುದರಲ್ಲಿ ಆಶ್ಚರ್ಯವಿಲ್ಲ.

ಸರ್ಕ್ಯೂಟಿಗೆ ಆ ಫೀಡ್‌ಬ್ಯಾಕನ್ನು ಸೇರಿಸಬಹುದು, ಆದರೆ ಹೊಸಬರಿಗೆ ಕೆ47 ಮಾದರಿಯ ಕ್ಯಾಪ್ಸೂಲು ಕೂರಿಸುವುದೇ ಸುಲಭವೆಂದು ನನ್ನ ಅಭಿಪ್ರಾಯ. ಅದರ ಟ್ರೆಬಲ್ ಅಷ್ಟು ಏರುವುದಿಲ್ಲ. ಅರ್ಥಧಾರಿಗಳ ಮಾತಿಗೂ ಒಪ್ಪುತ್ತದೆ. ಬಿಚ್ಚುವಾಗ ತಂತಿಗಳ ಫೋಟೋ ತೆಗೆದಿಟ್ಟುಕೊಳ್ಳಿ, ಏಕೆಂದರೆ ಕೆ67ರಲ್ಲಿ ಹಿಂಫಲಕ (ಪೊರೆಯ ಹಿಂದಿನ ಲೋಹದ ತಟ್ಟೆ) ಎರಡು ಬೇರೆ ಬೇರೆ ತುಂಡುಗಳಾಗಿದ್ದು ಕೆ47ರಲ್ಲಿ ಒಂದೇ ಇರುವುದರಿಂದ ಜೋಡಣೆ ಬದಲಾಗುತ್ತದೆ. ಚಿನ್ನದ ಲೇಪವಿರುವ ಪೊರೆಯನ್ನು ಬೆರಳಿನಿಂದ ಮುಟ್ಟಲೇಬಾರದು.

ವಾಲ್ವ್ ಬದಲಿಸಲೇಬೇಕೆಂದಿದ್ದರೆ 12ಎವೈ7 ಸಾಕು. ಅದು ಅದೇ ಸಾಕೆಟ್ಟಿಗೆ ಕೂರುತ್ತದೆ. 12ಎಎಕ್ಸ್7ರ ವರ್ಧನಾಂಕ 100 ಇದ್ದರೆ ಇದರದು ಸುಮಾರು 44. ಎಕೆಜಿ ಕಂಪೆನಿಯ ಸಿ12 ಮೈಕಿನಲ್ಲಿದ್ದ ಪ್ರಸಿದ್ಧ 6072 ವಾಲ್ವ್ ಇದೇ ಬಳಗದ್ದು. ಗದ್ದಲ ಕಡಿಮೆಯಾದೀತು, ಚುಚ್ಚುವಿಕೆ ಮಾತ್ರ ಉಳಿದೇ ಇರುತ್ತದೆ.

ಚಟಪಟ ಸದ್ದಿಗೆ ನಮ್ಮ ಕರಾವಳಿಯ ತೇವವೇ ಕಾರಣವಿರಬೇಕು. ಕ್ಯಾಪ್ಸೂಲಿನಿಂದ ವಾಲ್ವಿನ ಗ್ರಿಡ್‌ಗೆ (ಸಂಕೇತ ಒಳಬರುವ ತುದಿಗೆ) ಹೋಗುವ ದಾರಿಯಲ್ಲಿರುವ ರೆಸಿಸ್ಟರುಗಳ ಮೌಲ್ಯ ನೂರಾರು ಮೆಗಾಓಮ್‌ಗಳಿಂದ ಗಿಗಾಓಮ್‌ವರೆಗೆ ಇರುವುದರಿಂದ, ಬೆಸುಗೆಯ ಸುತ್ತ ಉಳಿದ ಫ್ಲಕ್ಸಿನ (ಬೆಸೆಯುವಾಗ ಹಚ್ಚುವ ವಸ್ತುವಿನ) ಕಂದು ಕಲೆ ತೇವ ಹೀರಿಕೊಂಡರೆ ಅಷ್ಟರಿಂದಲೇ ವಿದ್ಯುತ್ ಸೋರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ಪೂರ್ತಿ ಒಣಗಿದ ಮೇಲೆ ಮುಚ್ಚಿ. ಬಳಸದಾಗ ಮೈಕನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ.

ಪವರ್ ಸಪ್ಲೈಯಲ್ಲಿ ನೂರು ವೋಲ್ಟ್ ಮೀರಿದ ವಿದ್ಯುತ್ತಿರುತ್ತದೆ, ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರುಗಳಲ್ಲಿ ಅದು ಉಳಿದಿರಬಹುದು. ರೆಸಿಸ್ಟರ್ ಮೂಲಕ ಅವನ್ನು ಖಾಲಿ ಮಾಡಿ, ಮಲ್ಟಿಮೀಟರಿನಲ್ಲಿ ಸೊನ್ನೆಯ ಹತ್ತಿರ ಬಂದದ್ದನ್ನು ಕಂಡ ನಂತರವೇ ಒಳಗೆ ಕೈ ಹಾಕಿ.